ಪಾರಿವಾಳದವನ ಸಾಕ್ಷಿ

ಅಪ್ಪಾ,

ನೀನು ತೀರಿಕೊಂಡ ಮೇಲೆ ನಿನ್ನ ಪಾರಿವಾಳಗಳನ್ನು ನಾನೇ ಸಾಕುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ಯುದ್ಧವಿಮಾನ ಹಾರಿಸಿ ನಿವೃತ್ತನಾದವನು ಈಗ ಝರ್ಕಾದ ನಮ್ಮ ಮಾಳಿಗೆಯ ಮೇಲೆ ಹಕ್ಕಿಗಳನ್ನು ಹಾರಿಸಲು ಕಪ್ಪು ಬಟ್ಟೆ ಕಟ್ಟಿದ ಕೋಲು ಬೀಸುತ್ತಾನೆ.

ಇವತ್ತು ಸಂಜೆ ಹಕ್ಕಿಗಳು ಮೇಲಿದ್ದಾಗಲೇ ಮರಳಿನ ದೂಳು ಎದ್ದು ಆಕಾಶ ಮುಚ್ಚಿಹೋಯಿತು. ಅಂಥ ದೂಳಿನಲ್ಲಿ ನಾನು ಉಪಕರಣಗಳನ್ನು ನಂಬಿ ಇಳಿದವನು, ಇವಕ್ಕೆ ಏನಿದೆ? ನಿನ್ನಂತೆಯೇ ಶಿಳ್ಳೆ ಹಾಕಿದೆ. ಕೆಂಪು ದೂಳನ್ನು ಸೀಳಿಕೊಂಡು ನಲವತ್ತು ಹಕ್ಕಿಗಳು ಒಂದೇ ರೆಕ್ಕೆಯಂತೆ ವಾಲಿ, ಒಂದನ್ನೊಂದು ತಾಗದೆ, ನನ್ನ ಕಾಲ ಬಳಿ ಇಳಿದವು. ನಾನು ಮುನ್ನಡೆಸಿದ ಯಾವ ತುಕಡಿಯೂ ಹಾಗೆ ತಿರುಗಿರಲಿಲ್ಲ. ಅವುಗಳ ನಡುವೆ ಕುಳಿತು ಒಂದೊಂದನ್ನೇ ಎಣಿಸಿದೆ.

ಪಕ್ಕದ ಮಾಳಿಗೆಯಿಂದ ಉಮ್ ನಿಝಾರ್ ಕೂಗಿದಳು: “ಏನ್ ಕರ್ನಲ್ ಸಾಹೇಬ್ರೇ, ಪಾರಿವಾಳದೋನ ಸಾಕ್ಷಿ ಕೋರ್ಟಲ್ಲಿ ನಡಿಯಲ್ಲ, ಗೊತ್ತಲ್ಲ? ಬೇರೆಯೋರ ಹಕ್ಕಿ ಇಳಿಸ್ಕೊಂಡು ನಮ್ದೇ ಅಂತ ಆಣೆ ಹಾಕೋರು, ಎಲ್ಲಾ ಸುಳ್ಳುಬುರುಕರೇ!”

ಊರೆಲ್ಲ ಆಡುವ ಆ ಹಳೆಯ ಮಾತಿಗೆ ಹೆದರಿಯೇ ಅಲ್ಲವೇ, ಅಂದು ನಾನು ವಾಯುಪಡೆಯ ಅರ್ಜಿಯಲ್ಲಿ ನಿನ್ನ ಕಸುಬು ‘ಧಾನ್ಯ ವ್ಯಾಪಾರ’ ಎಂದು ಬರೆದದ್ದು? ನೀನು ಓದಿ, “ದಿನಾ ಕಾಳು ಹಾಕ್ತೀನಲ್ಲ, ಪೂರ್ತಿ ಸುಳ್ಳೇನಲ್ಲ ಬಿಡೋ” ಎಂದು ನಕ್ಕಿದ್ದೆ.

ಇವತ್ತು ಕಂಡದ್ದನ್ನು ಹಳೆಯ ಪೈಲಟ್ ಗೆಳೆಯರಿಗೆ ಫೋನಿನಲ್ಲಿ ಹೇಳಿದೆ. ಒಬ್ಬನೂ ನಂಬಲಿಲ್ಲ.

ನೀನು ನಂಬುತ್ತಿದ್ದೆ.