ನೆಟ್ಟಗೆ ಹೋದ ದೋಣಿ

ಸನ್ಮಾನ್ಯ ಅಪ್ಪನವರಿಗೆ, ಮೂರು ಬಾರಿಯ ವಾಟರ್ ಸ್ಕೀ ಚಾಂಪಿಯನ್ ಆದ ತಮ್ಮ ಮಗಳ ವರದಿ.

ಹೋದ ವರ್ಷ ನೀನು ಓಡಿಸುತ್ತಿದ್ದ ದೋಣಿಯ ಹಗ್ಗ ಹಿಡಿದು ನೀರ ಮೇಲೆ ಜಾರುತ್ತಾ ಐದನೇ ತೇಲುಚೆಂಡು ಸುತ್ತುವಾಗ ಬಿದ್ದು, ದಡಕ್ಕೆ ಬಂದು ಎಲ್ಲರೆದುರು ಅಂದಿದ್ದೆ: "ನೀನು ದೋಣಿ ಸೊಟ್ಟಗೆ ಓಡಿಸ್ದೆ. ವಯಸ್ಸಾಯ್ತಪ್ಪ ನಿಂಗೆ." ನೀನು "ಅಪ್ಪಣೆ, ಮಹಾರಾಣಿ" ಎಂದು ನಕ್ಕು ದೋಣಿಯ ಕೀಲಿ ನನ್ನ ಕೈಗಿಟ್ಟೆ. ಮತ್ತೆ ದೋಣಿ ಹತ್ತಲಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಈ ಲೋಕದಿಂದಲೇ ಇಳಿದುಹೋದೆ.

ಇವತ್ತು ಹೊಸ ಚಾಲಕ ಗೆರೆ ಎಳೆದಂತೆ ದೋಣಿ ಓಡಿಸಿದ. ನಿನ್ನ ಚಾಂಪಿಯನ್ ಮಹಾರಾಣಿಯವರು ಅದೇ ಐದನೇ ಚೆಂಡಿನ ಬಳಿ, ಅದೇ ಕಪ್ಪೆಯ ಭಂಗಿಯಲ್ಲಿ ಬಿದ್ದರು.

"ಮೇಡಂ, ಪೆಟ್ಟಾಯ್ತಾ? ಕೈ ಎತ್ತಿ!" ಎಂದು ಚಾಲಕ ಕೂಗಿದ.

ಬಿದ್ದವರು ಕೈ ಎತ್ತಿದರೆ ಏನೂ ಆಗಿಲ್ಲ ಎಂದರ್ಥ, ನೀನೇ ಕಲಿಸಿದ್ದು. ಮೈಗೆ ಪೆಟ್ಟಾಗಿರಲಿಲ್ಲ, ಆದರೂ ಕೈ ಎತ್ತಲು ಬಹಳ ಹೊತ್ತು ಹಿಡಿಯಿತು.