ಪರೀಕ್ಷೆಗೆ ಬಾರದ ಪ್ರಶ್ನೆ

ಕರಗುತಿಂಗಳ ಮೂವತ್ತೆಂಟನೇ ದಿನ,
ನಡಿಗೆಯ ನೂರಾ ಹನ್ನೊಂದನೇ ವರ್ಷ,
ಕೊನೆಯ ಮನೆ, ಇರ್ತಿಶ್ ಹೊಳೆಯ ಎಡದಂಡೆ.

ಎಂಟನೇ ತರಗತಿ ‘ಬ’ ವಿಭಾಗದ ನೀಲಗಂಗಮ್ಮನವರಿಗೆ ನಿಮ್ಮ ಹದಿನಾಲ್ಕನೇ ತಲೆಮಾರಿನ ಯಮನೂರಪ್ಪನ ನಮಸ್ಕಾರಗಳು.

ತಿಂಗಳಿಗೆ ಮೂವತ್ತೆಂಟು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ಹೋಗುವತನಕ ನಮ್ಮಲ್ಲಿ ಕರಗುತಿಂಗಳು ಮುಗಿಯುವುದಿಲ್ಲ, ಎಣಿಸುತ್ತಲೇ ಇರುತ್ತೇವೆ. ಹೋದ ವರ್ಷ ನಲವತ್ತೊಂದಕ್ಕೆ ಮುಗಿದಿತ್ತು. ಅಂದರೆ ನನಗೆ ಮೂರು ದಿನ ಉಳಿದಿದೆ ಎಂದು ಇಟ್ಟುಕೊಳ್ಳೋಣ. ನಿಮ್ಮ ಲೆಕ್ಕದಲ್ಲಿ ಇದು 2431ರ ಮೇ ಇದ್ದೀತು. ನನ್ನ ಮಾತು ಕಿವಿಗೆ ಒರಟಾದರೆ ಕ್ಷಮಿಸಿ. ನಾನೂರು ವರ್ಷ ಹೊತ್ತು ತಂದ ಕನ್ನಡ, ದಾರಿಯಲ್ಲಿ ಕೆಲವು ಪದ ಬಿದ್ದುಹೋದವು, ಕೆಲವನ್ನು ನಾವೇ ಕಟ್ಟಿಕೊಂಡೆವು. ನಿಮ್ಮ ನೋಟ್‌ಬುಕ್ಕಿನಲ್ಲಿ ನೀವು ಹದಿಮೂರರ ಹುಡುಗಿ, ನನಗೆ ಅರವತ್ತೊಂದು. ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ, ಮಗಳೇ ಎನ್ನಲು ಧೈರ್ಯ ಸಾಲುವುದಿಲ್ಲ. ‘ನೀವು’ ಎಂದೇ ಬರೆಯುತ್ತೇನೆ.

ಹೌದು, ಆ ನೋಟ್‌ಬುಕ್ಕು ನಮ್ಮಲ್ಲಿದೆ. ‘ಏಷ್ಯಾ ಖಂಡ: ಪ್ರಾಕೃತಿಕ ಭೂಗೋಳ’ ಎಂದು ನೀಲಿ ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಲ್ಲ, ಅದೇ. ಇನ್ನೂರು ಪುಟದಲ್ಲಿ ಹದಿನೇಳು ಹಾಳೆ ಉಳಿದಿವೆ. ದಖನ್ನಿನ ಪ್ರಸ್ಥಭೂಮಿಯಲ್ಲಿ ಬೇಸಿಗೆ ಹತ್ತು ತಿಂಗಳಾದಾಗ ನಮ್ಮವರು ತುಂಗಭದ್ರೆಯ ದಂಡೆ ಬಿಟ್ಟು ಉತ್ತರಕ್ಕೆ ಹೊರಟದ್ದನ್ನೇ ನಡಿಗೆ ಎನ್ನುತ್ತೇವೆ. ಆ ನಡಿಗೆಗೆ ದಾರಿ ತೋರಿಸಿದ್ದು ಈ ಹದಿನೇಳು ಹಾಳೆ. ನನ್ನ ಅಜ್ಜ ಹುಟ್ಟಿದ್ದು ಗಂಗೆಯ ಬಯಲಿನಲ್ಲಿ, ಅಪ್ಪ ಟಿಬೆಟ್ಟಿನ ಎತ್ತರದಲ್ಲಿ, ನಾನು ತಕ್ಲಮಕಾನ್ ಮರುಭೂಮಿಯ ಅಂಚಿನಲ್ಲಿ. ಹಿಮಾಲಯಕ್ಕೆ ನೀವು ಮೂರು ಗೆರೆ ಎಳೆದು ಮುಗಿಸಿದ್ದೀರಿ, ನಮಗೆ ಅದನ್ನು ದಾಟಲು ಹನ್ನೊಂದು ವರ್ಷ ಹಿಡಿಯಿತು. ಟಿಯೆನ್ ಶಾನ್ ಪರ್ವತದ ಆಚೆಯ ಹುಲ್ಲುಗಾವಲಿಗೆ ಬಣ್ಣ ಹಚ್ಚುವಾಗ ನಿಮ್ಮ ಹಸಿರು ಪೆನ್ಸಿಲ್ ಮುಗಿದಿತ್ತೋ ಏನೋ, ಅರ್ಧ ಹಳದಿ ತುಂಬಿದ್ದೀರಿ. ಬಂದು ನೋಡಿದರೆ ಅದು ನಿಜವಾಗಿಯೂ ಅರ್ಧ ಹಳದಿಯೇ. ಆವತ್ತಿನಿಂದ ನಮ್ಮ ಜನ ಪುಸ್ತಕದಲ್ಲಿದ್ದದ್ದು ನಿಜ, ಇಲ್ಲದ್ದು ಸುಳ್ಳು ಎಂದು ಗಟ್ಟಿ ಮಾಡಿಕೊಂಡರು.

ನಾನು ನೆಲಗಾಣಿ. ಗುಂಪಿಗಿಂತ ಮುಂಚೆ ಹೋಗಿ, ನೆಲ ನೋಡಿ ಬಂದು, ಕೂತ ಜನರನ್ನು ಮಾತಿನಿಂದ ಎಬ್ಬಿಸುವವನು. ಈ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ಕಾಲಿಗೊಂದು ಕೋಲು, ಬಾಯಿಗೊಂದು ಮಾತು, ಇಷ್ಟೇ ಬಂಡವಾಳ. ಆರು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಎರಡು ದಂಡೆಯನ್ನೂ ಅಳೆದೆ. ಬಲದಂಡೆ ಎತ್ತರ, ಹದಿನೆಂಟು ಆಳುದ್ದದ ದಿಬ್ಬ, ಮೇಲೆ ಬರೀ ಮರಳುಮಣ್ಣು, ಪೈನ್ ಮರ. ಎಡದಂಡೆ ತಗ್ಗು, ಕಣ್ಣು ಹರಿಯುವಷ್ಟು ದೂರ ಸಮತಟ್ಟು, ಮುಷ್ಟಿಯಲ್ಲಿ ಹಿಂಡಿದರೆ ಅಂಟುವ ಕರಿ ಎರೆ. ಇನ್ನೂ ಉತ್ತರಕ್ಕೆ ಹೋದರೆ ಮೆತ್ತನೆಲ. ಸಾವಿರಾರು ವರ್ಷ ಕಲ್ಲಿನಂತೆ ಹೆಪ್ಪುಗಟ್ಟಿದ್ದು ಈಗ ಕರಗಿ, ರೊಟ್ಟಿಗೆ ಕಲಸಿದ ಹಿಟ್ಟಿನಂತಾಗಿ ಗೋಡೆ ನಿಲ್ಲಲು ಬಿಡದ ನೆಲ ಅದು. ಹೀಗಾಗಿ ಎಡದಂಡೆಯೇ ಬಂಗಾರ ಎಂದು ಮೂರು ದಿನ ಮಾತಾಡಿದೆ. ಅರವತ್ತೆರಡು ಮನೆ ಎದ್ದು ಬಂದವು.

ಹೊಳೆಯ ಉದ್ದಕ್ಕೂ ಮನೆ ಸಾಲಾದವು. ಮೇಲ್ತಲೆಯಲ್ಲಿ, ಅಂದರೆ ನೀರು ಬರುವ ದಕ್ಷಿಣದ ಕಡೆ, ಮೊದಲ ಮನೆ ನನ್ನದು. ಕೆಳತುದಿಯಲ್ಲಿ ಹುಲಿಗೆವ್ವ ಮತ್ತು ಅವಳ ಗಂಡ ಗಾದಿಲಿಂಗಪ್ಪ. ಹುಲಿಗೆವ್ವ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ಹಿರಿಯಳು. ಹಂಚಿಕೆಯ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಯಮನೂರಾ, ಕಾಲುವಿ ಕೊನೀಗೆ ಕುಂತೋರ ಗತಿ ಏನಾಗಿತ್ತು ಅಂತ ನಮ್ಮವ್ವ ಹೇಳಿ ಸತ್ತಾಳ. ನನ್ಯಾಕ ಕೊನೀಗೆ ಕುಂದ್ರಿಸ್ತಿ?”

“ಅಕ್ಕಾ, ಅದು ಕಾಲುವಿ, ಇದು ಹೊಳಿ. ಇಲ್ಲಿ ನೀರು ಕಮ್ಮಿ ಬೀಳೂದಿಲ್ಲ. ಇನ್ನ ನೆರಿ ಬಂತಂದ್ರ ಮೊದ್ಲು ನನ್ನ ಮನಿ ಮುಳುಗಬೇಕು. ನಿನ್ನ ಮನಿಗೆ ಬರೂದ್ರಾಗ ನೀರಿಗೂ ದಣಿವಾಗಿರ್ತದ.”

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗು ನೆನಪಾದಾಗ ಕುಳಿತಲ್ಲಿ ಕೂರಲಾಗುವುದಿಲ್ಲ.

ನೆರೆ ಬಂದರೆ ಮೇಲಿಂದಲೇ ಬರಬೇಕು ಎಂಬುದು ನಮ್ಮ ರಕ್ತದಲ್ಲೇ ಇತ್ತು. ಡ್ಯಾಮಿನಿಂದ ನೀರು ಬಿಟ್ಟರಂತೆ ಎಂದು ಮೇಲ್ಗಡೆಗೆ ಕಿವಿಯಿಟ್ಟು ಬದುಕಿದ ಜನರ ಮಕ್ಕಳು ನಾವು. ಅದಕ್ಕೇ ಇಲ್ಲಿಯೂ ಮೇಲ್ತಲೆಯಲ್ಲಿ ಅಟ್ಟಣಿಗೆ ಕಟ್ಟಿ, ಕೊಂಬು ಕೊಟ್ಟು, ಇಬ್ಬರನ್ನು ಕಾವಲಿಗಿಟ್ಟೆವು. ಕೆಳತುದಿಗೆ ಬೆನ್ನು ಹಾಕಿ ಐದು ವರ್ಷ ಕಾದೆವು. ಹೋದ ವರ್ಷ ನಲವತ್ತೊಂದನೇ ದಿನ ಮಧ್ಯಾಹ್ನ ಹೊಳೆ ನಿಂತುಬಿಟ್ಟಿತು. ಹರಿಯುವ ನೀರು ಗಕ್ಕನೆ ನಿಂತದ್ದನ್ನು ನೀವು ನೋಡಿರಲಾರಿರಿ. ಕಾವಲಿನವರು ಒಳ್ಳೆಯದೇ ಆಯಿತು ಎಂದು ರೊಟ್ಟಿ ಬಿಚ್ಚಿದರಂತೆ. ಅಷ್ಟರಲ್ಲಿ ಹುಲಿಗೆವ್ವನ ಹೊಸ್ತಿಲಿಗೆ ಉತ್ತರದ ಕಡೆಯಿಂದ ನೀರು ಬಂದಿತ್ತು. ಅವಳು ಜೋಳದ ಬೀಜದ ಚೀಲ ಹೊತ್ತು ಸೂರು ಹತ್ತಿದಳು. ಗಾದಿಲಿಂಗಪ್ಪ ದನ ಬಿಚ್ಚಲು ಹೋದವನು ತಿರುಗಿ ಬರಲಿಲ್ಲ. ನನ್ನ ಮೊದಲ ಮನೆಯ ಅಂಗಳ ಸಹ ತೊಯ್ಯಲಿಲ್ಲ.

ಕಾರಣ ಸರಳ, ತಿಳಿಯುವುದಕ್ಕೆ ಮಾತ್ರ ತಡವಾಯಿತು. ಈ ಹೊಳೆ ಉತ್ತರಕ್ಕೆ ಹರಿಯುತ್ತದೆ. ಬಿಸಿಲು ದಕ್ಷಿಣಕ್ಕೆ ಮೊದಲು ಬರುತ್ತದೆ. ಮೇಲ್ಗಡೆಯ ಹಿಮ ಕರಗಿ ಹೊರಟಾಗ ಕೆಳಗಡೆ ಗಡ್ಡೆ ಇನ್ನೂ ಬಾಗಿಲು ಹಾಕಿಕೊಂಡಿರುತ್ತದೆ. ದಾರಿ ಸಿಗದ ನೀರು ಹಿಂದಕ್ಕೆ ಏರುತ್ತದೆ. ಇದಕ್ಕೆ ನಾವು ಈಗ ಇಟ್ಟ ಹೆಸರು ಹಿನ್ನೆರೆ.

(ಎದ್ದು ಹೋಗಿ ಕೋಲು ನೋಡಿ ಬಂದೆ. ಪತ್ರ ಶುರು ಮಾಡಿದಾಗಿನಿಂದ ನೀರು ಎರಡು ಬೆರಳು ಏರಿದೆ.)

ನಾನೀಗ ಇರುವುದು ಹುಲಿಗೆವ್ವ ಬಿಟ್ಟುಹೋದ ಜಾಗದಲ್ಲಿ. ಒಂದು ಗುಡಿಸಲು ಹಾಕಿಕೊಂಡು, ಗೆರೆ ಕೊರೆದ ಕೋಲು ನೆಟ್ಟು, ಉತ್ತರಕ್ಕೆ ಮುಖ ಮಾಡಿ ಕೂತಿದ್ದೇನೆ. ನನಗೊಬ್ಬನಿಗಾದರೆ ಚಿಂತೆಯಿರಲಿಲ್ಲ. ನಾಳಿದ್ದು ಇನ್ನೂ ನಲವತ್ತು ಮನೆಯವರು ಬರುತ್ತಿದ್ದಾರೆ, ಎರಡು ವರ್ಷದ ಹಿಂದೆ ನಾನೇ ಬಣ್ಣಿಸಿ ಎಬ್ಬಿಸಿದ ಜನ. ಅವರಿಗಾಗಿ ನಾನೇ ನೆಟ್ಟ ಗೂಟಗಳು ನನ್ನ ಗುಡಿಸಲಿನಿಂದ ಇನ್ನೂ ಕೆಳಕ್ಕೆ ನಿಂತಿವೆ. ಅವರನ್ನು ಬಲದಂಡೆಯ ದಿಬ್ಬಕ್ಕೆ ಹತ್ತಿಸೋಣ, ನಾವೂ ಹತ್ತೋಣ, ಉಳುಮೆಗೆ ಮಾತ್ರ ಇಳಿಯೋಣ ಎಂದು ಕೂಟದಲ್ಲಿ ಹೇಳಿದೆ. ಊರಿನ ಯಜಮಾನ ಗವಿಸಿದ್ದ, ನನ್ನ ಅಳಿಯನೇ, ನಕ್ಕುಬಿಟ್ಟ.

“ಮಾವಾ, ಎಡದಂಡಿ ಬಂಗಾರ ಅಂದಾವ ನೀನ. ಈಗ ಬಲದಂಡಿ ಬಂಗಾರ ಅಂತಿ. ಹೊಸಬ್ರನ್ನ ಗುಡ್ಡ ಹತ್ತಿಸಿ, ಈ ಎರಿ ಹೊಲ ನೀನ ಹೊಡಕೋಬೇಕಂತಿ ಏನು?”

“ಹ್ವಾದ ವರ್ಷ ಕಣ್ಣಾರೆ ನೋಡೀವಲ್ಲೋ!”

“ಅದೊಂದ್ಸಲ ಆತು, ಹ್ವಾತು. ವರ್ಷಾ ಆಗ್ತೈತಿ ಅಂತ ಪುಸ್ತಕದಾಗ ಐತೇನು? ತೋರ್ಸು.”

ತೋರಿಸಲು ಹೋದೆ. ಹನ್ನೆರಡನೇ ಹಾಳೆಯಲ್ಲಿ ನಿಮ್ಮದೇ ಅಕ್ಷರ: ‘ಸೈಬೀರಿಯದ ನದಿಗಳು ಉತ್ತರಾಭಿಮುಖವಾಗಿ ಹರಿಯುವುದರ ಪರಿಣಾಮಗಳೇನು?’ ಅದರ ಕೆಳಗೆ ಅರ್ಧ ಪುಟ ಖಾಲಿ. ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ: ‘ಬಿಡಿ ಅಂದ್ರು ಸರ್. ಪರೀಕ್ಷೆಗೆ ಬರಲ್ಲ.’

ನಿಮ್ಮನ್ನು ಬೈಯುತ್ತಿಲ್ಲ. ಬಿಸಿಲ ನಾಡಿನ ಹುಡುಗಿಗೆ ಗಡ್ಡೆಗಟ್ಟುವ ಹೊಳೆಯ ಗೊಡವೆ ಯಾಕೆ? ಆದರೆ ನಾನು ಸುಮ್ಮನಿರುವವನಲ್ಲ. ನಿಮ್ಮ ಅಕ್ಷರ ನನಗೆ ಬಾಯಿಪಾಠ. ‘ಳ’ಕ್ಕೆ ಬಾಲ ಉದ್ದ, ಸೊನ್ನೆ ಪೂರ್ತಿ ಕೂಡುವುದಿಲ್ಲ. ನಾಲ್ಕು ದಿನ ಮರದ ತೊಗಟೆಯ ಮೇಲೆ ತಿದ್ದಿದೆ, ನಿಮ್ಮ ಕೈಬರಹ ಅಚ್ಚಿನಂತೆ ಬಂತು. ಅರ್ಧ ಪುಟ ತುಂಬಿಸಿದರೆ ನೂರೆರಡು ಮನೆ ದಿಬ್ಬ ಹತ್ತುತ್ತವೆ. ಜೀವನವಿಡೀ ಮಾತು ಮಾರಿದವನಿಗೆ ಇದೇನು ದೊಡ್ಡ ಸುಳ್ಳು?

ಇವತ್ತು ಬೆಳಿಗ್ಗೆ ಅದನ್ನು ಒಬ್ಬರಿಗೆ ತೋರಿಸಬೇಕೆನಿಸಿತು. ಕರಕರ ಎನ್ನುವ ಗಡ್ಡೆಯ ಮೇಲೆ ಕಾಲು ತಡವುತ್ತ ಹೊಳೆ ದಾಟಿದೆ. ಹುಲಿಗೆವ್ವ ದಿಬ್ಬದ ಮೇಲೆ ಒಬ್ಬಳೇ ಇದ್ದಾಳೆ, ಒಂದು ವರ್ಷದಿಂದ ನನ್ನೊಂದಿಗೆ ಮಾತಿಲ್ಲ. ಕಟ್ಟಿಗೆ ಸೀಳುತ್ತಿದ್ದಳು. ತೊಗಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಪೂರ್ತಿ ಓದಿದಳು.

“ಆ ಹುಡಿಗಿ ಮ್ಯಾಲ್ಯಾಕ ಹಾಕ್ತಿ? ಅಕಿ ಈ ಹೊಳಿ ನೋಡ್ಯಾಳೇನು?”

“ನನ್ನ ಮಾತು ಯಾರೂ ನಂಬೂದಿಲ್ಲಕ್ಕಾ.”

“ನಂಬೂವಂಗ ನೀ ಯಾವಾಗ ಹೇಳಿ? ಎಡದಂಡಿ ಆರಿಸಿದ್ದು ನನ್ನ ತಪ್ಪು ಅಂತ ಕೂಟದಾಗ ಒಮ್ಮಿಯರ ಅಂದಿಯೇನು? ನಿನ್ನ ಅಕ್ಷರದಾಗ ಬರಿ. ಕೆಳಗ ನಿನ್ನ ಹೆಸರು ಹಾಕು. ನಮ್ಮನಿಯಾರ ಹೆಸರೂ ಹಾಕು.”

ತೊಗಟೆಯನ್ನು ಒಲೆಗೆ ಹಾಕಿದಳು. ಹೊರಡುವಾಗ, “ಗಡ್ಡಿ ಮ್ಯಾಲೆ ನೋಡ್ಕೊಂಡು ಹೋಗೋ, ಹಲ್ಕಟ್” ಎಂದಳು. ವರ್ಷದ ಮೇಲೆ ಕೇಳಿದ ಬೈಗುಳ, ಹಿತವಾಗಿತ್ತು.

ಬಂದು ಆ ಖಾಲಿ ಅರ್ಧ ಪುಟದಲ್ಲೇ ಬರೆದೆ. ನನ್ನ ಅಕ್ಷರ ಕೋಳಿ ಕೆದರಿದಂತಿದೆ. ‘ಉತ್ತರಾಭಿಮುಖವಾಗಿ ಹರಿಯುವ ಹೊಳೆಯಲ್ಲಿ ನೆರೆ ಕೆಳಗಿನಿಂದ ಬರುತ್ತದೆ, ಕೊನೆಯ ಮನೆಗೆ ಮೊದಲು ಬರುತ್ತದೆ. ಎಡದಂಡೆಯನ್ನು ಆರಿಸಿದವನು ನಾನು. ಆರಿಸಿದ್ದು ತಪ್ಪು. ಈ ತಪ್ಪಿನಿಂದ ಗಾದಿಲಿಂಗಪ್ಪ ಸತ್ತ. ಇದನ್ನು ಕಂಡು ಬರೆದವನು ಯಮನೂರಪ್ಪ.’ ಐದು ಸಾಲು. ಆಯುಷ್ಯದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ನಾನು ಯಾವ ನೆಲವನ್ನೂ ಬಣ್ಣಿಸಿದ್ದಿಲ್ಲ. ಇದನ್ನು ಮೊದಲು ಗವಿಸಿದ್ದನ ಮುಂದೆ ಓದುತ್ತೇನೆ. ಆಮೇಲೆ ಮೇಲ್ತಲೆಗೆ ಹೋಗಿ, ಬರುತ್ತಿರುವ ನಲವತ್ತು ಮನೆಯವರನ್ನು ದಾರಿಯಲ್ಲೇ ನಿಲ್ಲಿಸಿ ಓದುತ್ತೇನೆ. ಹೋಗುವ ಮುಂಚೆ ಆ ಗೂಟಗಳನ್ನು ಕಿತ್ತು ಹೋಗುತ್ತೇನೆ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಗಡ್ಡೆ ಸದ್ದು ಮಾಡುತ್ತಿದೆ, ನೀರು ಮೂರನೇ ಬೆರಳಿಗೆ ಬಂದಿದೆ, ಹೆಚ್ಚು ಕೂರುವಂತಿಲ್ಲ.

ಒಂದು ಕೋರಿಕೆ. ನಿಮಗೆ ಪತ್ರ ಬರೆಯಬೇಕೆಂದು ಮೊದಲು ಅನಿಸಿದಾಗ ಕೇಳಬೇಕೆಂದಿದ್ದದ್ದು ಬೇರೆ. ಆ ಉತ್ತರವನ್ನು ನೀವೇ ಬರೆದುಬಿಡಿ, ನನ್ನ ಕೈಗೆ ಬರೆದೇ ಬರಲಿ ಎಂದು. ಈಗ ಬೇಡ. ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ರದ್ದಿಗೆ ಮಾತ್ರ ಹಾಕಬೇಡಿ. ಖಾಲಿ ಬಿಟ್ಟಿದೆಯಲ್ಲ ಎಂದು ಅಲ್ಲಿ ಹೂಬಳ್ಳಿ ಬಿಡಿಸಬೇಡಿ, ಗೆಳತಿಗೆ ಚೀಟಿ ಬರೆಯಲು ಹರಿದು ಕೊಡಬೇಡಿ. ಆ ಅರ್ಧ ಪುಟ ನನಗೆ ಬೇಕು.

ಯಮನೂರಪ್ಪ