ಸಾರಂಗದ ಆರನೆಯ ಕವಲು

ವಾರ್ಮ್‌ಬ್ರುನ್, 14 ಅಕ್ಟೋಬರ್ 1746, ಶುಕ್ರವಾರ

ಆ ಸಾರಂಗ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಶಿಷ್ಯ ಮೆಲ್ಖಿಯೋರ್ ಅದನ್ನು ಪಾನಪಾತ್ರೆಯ ಗಾಜಿನಲ್ಲಿ ಎಷ್ಟು ಆಳವಾಗಿ, ಎಷ್ಟು ನಯವಾಗಿ ಕೊರೆದಿದ್ದನೆಂದರೆ, ಅದರ ಪಕ್ಕೆಗಳು ಉಸಿರಾಡುತ್ತಿವೆಯೇನೋ ಅನ್ನಿಸುತ್ತಿತ್ತು. ಇಂಥ ಕೈ ಈ ಕಣಿವೆಯಲ್ಲಿ ಇನ್ನೊಂದಿಲ್ಲ.

ಜಹಗೀರುದಾರರ ಪಾರುಪತ್ಯಗಾರ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ನಮ್ಮ ಧಣಿಗಳ ಲಾಂಛನದಲ್ಲಿ ಒಂದೊಂದು ಕೊಂಬಿಗೂ ಆರು ಕವಲು ಮೇಷ್ಟ್ರೇ. ಎಡಗಡೆ ಐದೇ ಇದೆಯಲ್ಲ, ಇನ್ನೊಂದನ್ನ ಮೇಕೆ ಮೇಯ್ತೋ?"

ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ನಕ್ಷೆ ಬರೆದುಕೊಟ್ಟವನು ನಾನು. ಎಲೆಬಳ್ಳಿಗೆ ಜಾಗ ಹೊಂದಿಸುವ ಭರದಲ್ಲಿ ಒಂದು ಕವಲನ್ನು ಬಿಟ್ಟಿದ್ದೆನೆಂದು ಆ ಕ್ಷಣವೇ ನೆನಪಾಯಿತು. ಆದರೆ ಕೊರೆಯುವಾಗ ಚಕ್ರದ ಎಣ್ಣೆಯೂ ಸಾಣೆಪುಡಿಯೂ ಸೇರಿ ನಕ್ಷೆಯನ್ನು ಅಳಿಸಿಬಿಡುತ್ತವೆ, ಸಾಕ್ಷಿ ಉಳಿದಿರಲಿಲ್ಲ. ನಾನು ಮೆಲ್ಖಿಯೋರನ ಕಡೆ ನೋಡಿದೆ.

"ಎಳೆಯರ ಕೈಗೆ ಕೊಟ್ರೆ ಇನ್ನೇನಾಗತ್ತೆ," ಎಂದು ಪಾರುಪತ್ಯಗಾರ ಪಾತ್ರೆಯನ್ನು ಅಲ್ಲೇ ಬಿಟ್ಟು ಹೋದ.

ದೀಪ ಹಚ್ಚುವ ಹೊತ್ತಿಗೆ ಮೆಲ್ಖಿಯೋರ್ ಬಂದು ನಿಂತ. "ಆ ಕವಲಿನ ಗೆರೆ ಅಳಿಸಿಹೋಗಿದ್ದು ನಂಗೆ ಕಾಣಲೇ ಇಲ್ಲ ಮೇಷ್ಟ್ರೇ. ನಿಮ್ಮ ಹೆಸರು ಕೆಡಿಸಿಬಿಟ್ಟೆ. ಅಪ್ಪನ ಮಗ್ಗಕ್ಕೇ ವಾಪಸ್ ಹೋಗ್ತೀನಿ."

ನಿಜ ಹೇಳಲು ಅದಕ್ಕಿಂತ ಸುಲಭವಾದ ಗಳಿಗೆ ಸಿಗದು. ನಾನೋ ಅವನ ಭುಜದ ಮೇಲೆ ಕೈಯಿಟ್ಟು, "ಹೋಗ್ಬೇಡಪ್ಪಾ, ಇದೊಂದು ಸಲ ಕ್ಷಮಿಸಿದ್ದೀನಿ," ಎಂದೆ.

ಅವನು ಬಗ್ಗಿ ಆ ಕೈಗೆ ಮುತ್ತಿಟ್ಟ.

ಬೆಳಗಾದ ಕೂಡಲೇ ಹೇಳುತ್ತೇನೆ. ಅವನು ಒಳ್ಳೆಯವನು, ಕ್ಷಮಿಸಿಯಾನು. ಆದರೆ ಇಂದು, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಮಾನವೂ ನನ್ನಲ್ಲಿ ಉಳಿದಿರಲಿಲ್ಲ.